ಭಯ ಹೇಳಿಕೊಂಡವರಿಗೆ "ಏನೂ ಆಗಲ್ಲ ಬಿಡಿ" ಅಂದುಬಿಟ್ಟೆ. ಏನು ಬರೆಯಬೇಕಿತ್ತು?

ಬೆಳಗಿನ ನಡಿಗೆ ಕೇಳಿದ್ದು:

ಎರಡು ವಾರದಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ನಿಮ್ಮಲ್ಲಿ ಯಾರಾದರೂ ದಾರಿ ಹೇಳಬಹುದು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನಿರುವ ಒಂದು ಗುಂಪಿನಲ್ಲಿ ರಾತ್ರಿ ಎರಡು ಗಂಟೆ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬರೆದಿದ್ದರು. ಕುತ್ತಿಗೆಯ ಎಡಗಡೆ, ಕಿವಿಯ ಕೆಳಗೆ, ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿದೆಯಂತೆ. ಮೂರು ದಿನ ಆಯ್ತಂತೆ. "ಕನ್ನಡಿ ಮುಂದೆ ನಿಂತು ಒತ್ತಿ ನೋಡುತ್ತೇನೆ. ಎರಡೂ ಕಡೆ ಒಂದೇ ಥರ ಇದೆಯಾ ಅಂತ ನೋಡುತ್ತೇನೆ. ಬಂದು ಮಲಗುತ್ತೇನೆ, ಮತ್ತೆ ಎದ್ದು ಹೋಗುತ್ತೇನೆ. ಮಗು ಪಕ್ಕದಲ್ಲಿ ಮಲಗಿದೆ. ಯಾರಾದರೂ ಎಚ್ಚರ ಇದ್ದೀರಾ?" ಇಷ್ಟೇ ಬರೆದಿದ್ದರು.

ನಾನು ಎಚ್ಚರವಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಬರೆದೆ: "ಏನೂ ಆಗಲ್ಲ ಬಿಡಿ, ಸುಮ್ನೆ ತಲೆ ಕೆಡಿಸ್ಕೋಬೇಡಿ, ಗೂಗಲ್ ನೋಡೋದು ನಿಲ್ಲಿಸಿ ಮಲಗಿ." ಬರೆದು ಫೋನ್ ಕೆಳಗಿಟ್ಟೆ. ಧೈರ್ಯ ತುಂಬಿದೆ ಅಂತಲೇ ಅಂದುಕೊಂಡಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಉತ್ತರದ ಕೆಳಗೆ ಇನ್ನೂ ಮೂರು ಉತ್ತರ ಬಂದಿದ್ದವು. ಒಬ್ಬರು "ನಮ್ಮ ಮಾವನಿಗೂ ಹೀಗೇ ಶುರುವಾಗಿದ್ದು, ಕೊನೆಗೆ ಕ್ಯಾನ್ಸರ್ ಅಂತ ಗೊತ್ತಾಯ್ತು" ಅಂತ ಬರೆದಿದ್ದರು. ಇನ್ನೊಬ್ಬರು ಒಂದು ಆ್ಯಂಟಿಬಯಾಟಿಕ್ ಹೆಸರು ಕೊಟ್ಟು ಐದು ದಿನ ತಗೊಳ್ಳಿ ಅಂದಿದ್ದರು. ಮತ್ತೊಬ್ಬರು "ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಹೆದರಿದರೆ ಹೇಗೆ ಮೇಡಂ" ಅಂದಿದ್ದರು. ಆ ಕೊನೆಯ ಸಾಲಿಗೆ ಹನ್ನೊಂದು ಲೈಕ್ ಇತ್ತು. ಮಧ್ಯಾಹ್ನದ ಹೊತ್ತಿಗೆ ಆಕೆ ತಮ್ಮ ಪ್ರಶ್ನೆಯನ್ನೇ ಅಳಿಸಿ ಹಾಕಿದ್ದರು. ಆಮೇಲೆ ಆ ಗುಂಪಿನಲ್ಲಿ ಅವರು ಏನೂ ಬರೆದಿಲ್ಲ.

ನನಗೆ ಕಾಡುತ್ತಿರುವುದು ಇದು. ಆ ನಾಲ್ಕು ಉತ್ತರ ಬರೆದ ಯಾರೂ ಕೆಟ್ಟವರಲ್ಲ. ನಾನಂತೂ ನಿಜವಾಗಲೂ ಅವರಿಗೆ ನಿದ್ದೆ ಬರಲಿ ಅಂತಲೇ ಬರೆದೆ. ಹಾಗಿದ್ದೂ ನಾಲ್ಕೂ ಸೇರಿ ಒಬ್ಬರ ಬಾಯಿ ಮುಚ್ಚಿಸಿದೆವು, ಅಲ್ವಾ? ನಾವು ಡಾಕ್ಟರ್ ಅಲ್ಲ. ಅದಕ್ಕೆ ಸುಮ್ಮನಿರಬೇಕಾ? ಏನಾದರೂ ಬರೆಯೋದಾದರೆ ಏನು ಬರೆಯಬೇಕು? ನಿಜವಾಗಿಯೂ ಅಪಾಯ ಇದ್ದರೆ ಅದನ್ನು ಹೆದರಿಸದೆ ಹೇಳೋದು ಹೇಗೆ? ಇನ್ನು ಕೆಲವರು ವಾರಕ್ಕೆ ಮೂರು ಸಲ ಅದೇ ಪ್ರಶ್ನೆ ಕೇಳುತ್ತಾರೆ, ಅವರಿಗೆ ಏನು ಹೇಳೋದು? ಅನುಭವ ಇರುವವರು ತಿಳಿಸಿ.

---

ರಾತ್ರಿ ಪಾಳಿ ಉತ್ತರ:

ನಾನು ನರ್ಸ್. ತುರ್ತು ವಿಭಾಗದಲ್ಲಿ ಬಾಗಿಲ ಹತ್ತಿರದ ಮೇಜು ನನ್ನದು. ಬಂದವರಲ್ಲಿ ಯಾರನ್ನು ತಕ್ಷಣ ಒಳಗೆ ಕಳಿಸಬೇಕು, ಯಾರು ಸ್ವಲ್ಪ ಕಾಯಬಹುದು ಅಂತ ನೋಡುವ ಕೆಲಸ. ಬರಹದಲ್ಲಿ ಬರುವ ಭಯಕ್ಕೂ ಅದೇ ಮೊದಲ ಹೆಜ್ಜೆ ಅಂತ ನನ್ನ ಅಭಿಪ್ರಾಯ. ಉತ್ತರ ಟೈಪ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಈಗಲೇ ಹೊರಡಬೇಕಾದ ವಿಷಯವಾ?

ಹೌದು ಅನ್ನುವ ಸಂದರ್ಭಗಳು ಜಾಸ್ತಿ ಇಲ್ಲ, ಆದರೆ ಅವು ಯಾವುವು ಅಂತ ಎಲ್ಲರಿಗೂ ಗೊತ್ತಿರಬೇಕು. ಮುಖ ಒಂದು ಕಡೆ ಜೋತು ಬಿದ್ದಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಅದು ಪಾರ್ಶ್ವವಾಯು ಇರಬಹುದು. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಯಾಕೆಂದರೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಅಂಥವರಿಗೆ ಯಾರೋ ದೂರದಿಂದ "ಒಂದು ಆಸ್ಪಿರಿನ್ ನುಂಗಿಸಿ" ಅಂತ ಬರೆದರೆ, ಒಳಗೆ ರಕ್ತ ಸೋರುತ್ತಿದ್ದವರಿಗೆ ಅದು ಇನ್ನಷ್ಟು ಸೋರುವಂತೆ ಮಾಡಬಹುದು. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ, ಜೊತೆಗೆ ಬೆವರು, ದವಡೆಗೋ ತೋಳಿಗೋ ಹರಿಯುವ ನೋವು, ಅದೂ ಹಾಗೇ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಉಸಿರುಕಟ್ಟು, ವಾಕರಿಕೆ, ವಿಪರೀತ ಸುಸ್ತು ಇರಬಹುದು. ಉಸಿರಾಡಲು ಆಗದಿರುವುದು, ನಿಲ್ಲದ ರಕ್ತ, ಪ್ರಜ್ಞೆ ತಪ್ಪುವುದು ಇವೂ ಅಷ್ಟೇ. ಬದುಕುವುದೇ ಬೇಡ ಅಂತ ಬರೆದವರನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಇಂಥ ಕಡೆ ಉದ್ದ ಬರೆಯಬೇಡಿ. "ಇದನ್ನು ಇಲ್ಲಿ ಕೇಳುತ್ತಾ ಕೂರಬೇಡಿ, ಈಗಲೇ ತುರ್ತು ಸಂಖ್ಯೆಗೆ ಫೋನ್ ಮಾಡಿ. ಜೊತೆಗೆ ಯಾರಿದ್ದಾರೆ? ಅವರನ್ನು ಎಬ್ಬಿಸಿ." ಸಾಕು. ಇಲ್ಲಿ ನಯವಾದ ಮಾತಿಗಿಂತ ಚಿಕ್ಕ ಮಾತು ಮುಖ್ಯ.

ಉಳಿದದ್ದೆಲ್ಲ, ಅಂದರೆ ನೂರಕ್ಕೆ ಬಹುಪಾಲು, ನೀವು ಹೇಳಿದ ಗಂಟಿನ ಥರದ್ದು. ಬೆಳಗಾದ ಮೇಲೆ, ಒಂದೆರಡು ದಿನ ಬಿಟ್ಟೂ ತೋರಿಸಬಹುದಾದದ್ದು. ಕುತ್ತಿಗೆಯಲ್ಲಿ ಗಂಟು ಅಂದ ತಕ್ಷಣ ನಾವು ಮೊದಲು ಗಂಟಲು, ಹಲ್ಲು, ಕಿವಿ, ನೆತ್ತಿಯಲ್ಲಿ ಸೋಂಕು ಇದೆಯಾ ಅಂತ ನೋಡುತ್ತೇವೆ. ಸೋಂಕಿಗೆ ಊದಿದ ಗ್ರಂಥಿ ಸಾಮಾನ್ಯವಾಗಿ ಮುಟ್ಟಿದರೆ ನೋಯುತ್ತದೆ, ಬೆರಳಡಿ ಜಾರುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಗಟ್ಟಿಯಾಗಿ ಅಲುಗಾಡದೆ ಇದ್ದರೆ, ಬೆಳೆಯುತ್ತಿದ್ದರೆ, ವಾರಗಳಾದರೂ ಇಳಿಯದಿದ್ದರೆ, ಕಾಲರ್ ಮೂಳೆಯ ಮೇಲೆ ಇದ್ದರೆ, ಜೊತೆಗೆ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿಯುವುದು ಇದ್ದರೆ ತಡ ಮಾಡಬಾರದು.

ನೋಡಿ, ಇಷ್ಟೆಲ್ಲ ಗೊತ್ತಿರುವ ನಾನೂ ಆಕೆಗೆ "ಏನೂ ಆಗಲ್ಲ" ಅನ್ನುತ್ತಿರಲಿಲ್ಲ. ಯಾಕೆಂದರೆ ನಾನು ಆ ಗಂಟನ್ನು ಮುಟ್ಟಿಲ್ಲ. ನೀವೂ ಮುಟ್ಟಿಲ್ಲ. ಮುಟ್ಟಿ ನೋಡದವರು ಏನೂ ಇಲ್ಲ ಅಂದರೆ ಅವರಿಗೆ ಅದು ಉತ್ತರವಾಗಿ ಕೇಳಿಸುವುದಿಲ್ಲ, ಬಾಗಿಲು ಹಾಕಿದ ಸದ್ದಾಗಿ ಕೇಳಿಸುತ್ತದೆ.

ನಾನು ಮೇಜಿನ ಹತ್ತಿರ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಯಾರು ಬೇಕಾದರೂ ಕೇಳಬಹುದು: "ಇದು ಏನಿರಬಹುದು ಅಂತ ನಿಮಗೆ ಭಯ?" ಎಷ್ಟೋ ಸಲ ಲಕ್ಷಣ ಒಂದು, ಭಯ ಇನ್ನೊಂದು. ಹೊಟ್ಟೆನೋವು ಅಂತ ಬಂದವರು ಈ ಪ್ರಶ್ನೆ ಕೇಳಿದ ಮೇಲೆ, ತಮ್ಮ ಅಕ್ಕ ಇದೇ ವಯಸ್ಸಿಗೆ ತೀರಿಕೊಂಡಿದ್ದನ್ನು ಹೇಳಿದ್ದಾರೆ. ಅದು ಗೊತ್ತಾಗದೆ ಏನು ಸಮಾಧಾನ ಹೇಳಿದರೂ ಬೇರೆ ಯಾರಿಗೋ ಹೇಳಿದ ಹಾಗೆ.

---

ನಿದ್ದೆಗೆಟ್ಟವ ಉತ್ತರ:

ಆ ಹೆಣ್ಣುಮಗಳ ಜಾಗದಲ್ಲಿ ನಾನಿದ್ದೆ. ಆರು ವರ್ಷದ ಹಿಂದೆ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನದು ಮೀನಖಂಡ. ಮಲಗಿದಾಗ ಚರ್ಮದ ಕೆಳಗೆ ಸಣ್ಣಗೆ ಏನೋ ಕುಣಿದ ಹಾಗೆ ಆಗುತ್ತಿತ್ತು. ಹುಡುಕಿ ನೋಡಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ನರಗಳು ಸಾಯುವ ಆ ದೊಡ್ಡ ಕಾಯಿಲೆ ಇದೆ, ಇನ್ನು ಮೂರು ವರ್ಷ ಅಂತ ತೀರ್ಮಾನವಾಗಿತ್ತು. ಇದು ನನ್ನೊಬ್ಬನ ಕಥೆ ಅಲ್ಲ. ಮೈಕ್ರೋಸಾಫ್ಟ್‌ನ ಸಂಶೋಧಕರಾದ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಜ್ 2009ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ತಲೆನೋವಿನಂಥ ಸಾಮಾನ್ಯ ಲಕ್ಷಣದಿಂದ ಶುರುವಾದ ಹುಡುಕಾಟ ಹೇಗೆ ಅಪರೂಪದ ಭಯಂಕರ ಕಾಯಿಲೆಗೆ ಹೋಗಿ ನಿಲ್ಲುತ್ತದೆ ಅಂತ ಅದರಲ್ಲಿ ತೋರಿಸಿದ್ದಾರೆ. ಅದಕ್ಕೆ ಸೈಬರ್‌ಕಾಂಡ್ರಿಯಾ ಅಂತ ಹೆಸರೂ ಇದೆ. ಅಂದರೆ ಹುಡುಕುವವರ ದಡ್ಡತನ ಮಾತ್ರ ಅಲ್ಲ, ಹುಡುಕಿದಾಗ ಸಿಗುವುದೂ ಹಾಗೇ ಜೋಡಿಸಿಟ್ಟಿರುತ್ತದೆ. ಆದ್ದರಿಂದ "ಗೂಗಲ್ ನೋಡೋದು ನಿಲ್ಲಿಸಿ" ಅಂತ ಗದರುವುದರಿಂದ ಏನೂ ಆಗುವುದಿಲ್ಲ. ನನಗೂ ಎಲ್ಲರೂ ಅದನ್ನೇ ಹೇಳಿದರು. ನಾನು ಹುಡುಕುವುದನ್ನು ನಿಲ್ಲಿಸಲಿಲ್ಲ, ಹೇಳಿಕೊಳ್ಳುವುದನ್ನು ನಿಲ್ಲಿಸಿದೆ.

"ಏನೂ ಆಗಲ್ಲ" ಅನ್ನುವ ಮಾತು ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ. ಓದಿದ ತಕ್ಷಣ ಹಾಯೆನಿಸುತ್ತದೆ, ನಿಜ. ಎದೆ ಹಗುರವಾಗುತ್ತದೆ. ಇಪ್ಪತ್ತು ನಿಮಿಷ. ಆಮೇಲೆ ತಲೆ ಕೇಳುತ್ತದೆ: ಅವರಿಗೆ ಹೇಗೆ ಗೊತ್ತು? ನಾನು ಸರಿಯಾಗಿ ವಿವರಿಸಲಿಲ್ಲವೇನೋ? ಎರಡು ಕಾಲಲ್ಲೂ ಆಗುತ್ತೆ ಅಂತ ಹೇಳಲಿಲ್ಲವಲ್ಲ? ಅಷ್ಟರಲ್ಲಿ ಫೋನ್ ಮತ್ತೆ ಕೈಯಲ್ಲಿ. ಸಮಾಧಾನ ಕೇಳಿ ಕೇಳಿ ಪಡೆದಷ್ಟೂ ಮುಂದಿನ ಸಲ ಬೇಗ ಬೇಕು, ಜಾಸ್ತಿ ಬೇಕು. ನನಗೆ ಚಿಕಿತ್ಸೆ ಕೊಟ್ಟವರು ಇದನ್ನೇ ಕಾಗದದ ಮೇಲೆ ಒಂದು ಸುತ್ತು ಬಿಡಿಸಿ ತೋರಿಸಿದರು: ಅನುಮಾನ, ಪರೀಕ್ಷಿಸುವುದು, ಸ್ವಲ್ಪ ಹೊತ್ತು ನಿರಾಳ, ಮತ್ತೆ ಅನುಮಾನ. ಆಕೆ ಕನ್ನಡಿಗೆ ಹೋಗಿ ಬಂದು ಮಲಗಿ ಮತ್ತೆ ಎದ್ದು ಹೋಗುತ್ತಿದ್ದರಲ್ಲ, ಅದು ಆ ಸುತ್ತು. ಒತ್ತಿ ಒತ್ತಿ ನೋಡಿದರೆ ಆ ಜಾಗ ನೋಯಲು ಶುರುವಾಗುತ್ತದೆ. ನೋವು ಬಂತು ಅಂತ ಭಯ ಇನ್ನೂ ಜಾಸ್ತಿ.

ಹಾಗಾದರೆ ವಾರಕ್ಕೆ ಮೂರು ಸಲ ಕೇಳುವವರಿಗೆ ಏನು ಹೇಳೋದು ಅಂತ ಕೇಳಿದಿರಿ. ದಯವಿಟ್ಟು "ಮತ್ತೆ ಶುರುವಾಯ್ತಾ" ಅನ್ನಬೇಡಿ. ಹತ್ತನೇ ಸಲ ಅದೇ ಲಕ್ಷಣಕ್ಕೆ ಉತ್ತರ ಕೊಡುವುದೂ ಬೇಡ, ಅದರಿಂದ ಅವರಿಗೆ ಒಳ್ಳೆಯದಾಗುವುದಿಲ್ಲ. ನನಗೆ ಒಬ್ಬರು ಬರೆದ ಸಾಲು ಇನ್ನೂ ನೆನಪಿದೆ. "ಕಾಲಿನ ಬಗ್ಗೆ ನಿಮಗೆ ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ. ಆದರೆ ಈ ಭಯ ನಿಮ್ಮನ್ನು ಎಷ್ಟು ದಿನದಿಂದ ನಿದ್ದೆ ಮಾಡಲು ಬಿಟ್ಟಿಲ್ಲ? ಅದನ್ನೂ ಡಾಕ್ಟರಿಗೆ ಹೇಳಿದ್ದೀರಾ?" ನಾನು ಹೇಳಿರಲಿಲ್ಲ. ಕಾಲು ತೋರಿಸಿದ್ದೆ, ಸ್ನಾಯುವಿಗೆ ಸೂಜಿ ಚುಚ್ಚಿ ಮಾಡುವ ಪರೀಕ್ಷೆಯೂ ಆಗಿತ್ತು, ಸರಿಯಾಗಿಯೇ ಇತ್ತು. ಬಲ ಕಡಿಮೆಯಾಗದೆ ಬರೀ ಕುಣಿಯುವುದು ಬಹಳ ಜನರಿಗೆ ಇರುತ್ತದೆ, ನಿದ್ದೆ ಕೆಟ್ಟರೆ, ದಣಿದರೆ, ಆತಂಕವಿದ್ದರೆ ಜಾಸ್ತಿಯಾಗುತ್ತದೆ ಅಂತ ಹೇಳಿದ್ದರು. ಆದರೆ ಭಯವನ್ನು ಮಾತ್ರ ನಾನು ಯಾರಿಗೂ ತೋರಿಸಿರಲಿಲ್ಲ. ಆ ಒಂದು ಸಾಲಿನಿಂದ ತೋರಿಸಿದೆ.

ಈ ಭಯಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಯಿಂದ ತುಂಬಾ ಜನರಿಗೆ ಗುಣವಾಗುತ್ತದೆ. ಹಿಂದೆ ಇದನ್ನು ಹೈಪೋಕಾಂಡ್ರಿಯಾ ಅನ್ನುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯಿಂದ ಆ ಹೆಸರನ್ನು ಕೈಬಿಟ್ಟಿತು. ಆ ಪದ ಬೈಗುಳದ ಥರ ಆಗಿಬಿಟ್ಟಿತ್ತು ಅನ್ನುವುದೂ ಅದಕ್ಕೆ ಒಂದು ಕಾರಣ. ವೈದ್ಯರೇ ಬಿಟ್ಟ ಪದವನ್ನು ನಾವು ಇನ್ನೊಬ್ಬರ ಮೇಲೆ ಎಸೆಯಬಾರದು.

ಇನ್ನೊಂದು ಮಾತು. ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆಕೆ "ಇದು ಕ್ಯಾನ್ಸರಾ?" ಅಂತ ಕೇಳಿರಲಿಲ್ಲ. "ಯಾರಾದರೂ ಎಚ್ಚರ ಇದ್ದೀರಾ?" ಅಂತ ಕೇಳಿದ್ದರು. ಅವರು ಕೇಳಿದ ಪ್ರಶ್ನೆ ಅದೊಂದೇ. ಅದಕ್ಕೆ ನಾಲ್ಕು ಜನರಲ್ಲಿ ಯಾರೂ ಉತ್ತರ ಕೊಡಲಿಲ್ಲ.

---

ಎಂಟು ತಿಂಗಳು ಉತ್ತರ:

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿ ಹೇಳಲೇಬೇಕು. ಎಲ್ಲವನ್ನೂ ಆತಂಕದ ಲೆಕ್ಕಕ್ಕೆ ಹಾಕುವುದೂ ದೊಡ್ಡ ತಪ್ಪು.

ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು, ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದಾಗ ನನಗೆ ಸೆಕೆ. ರಾತ್ರಿ ನಿದ್ದೆ ಇಲ್ಲ, ಸಣ್ಣದಕ್ಕೂ ಅಳು. ಬರೆದುಕೊಂಡಾಗ ಬಂದ ಉತ್ತರಗಳನ್ನು ಇವತ್ತಿಗೂ ಹೇಳಬಲ್ಲೆ: ಟೆನ್ಶನ್ ಕಡಿಮೆ ಮಾಡಿ, ಧ್ಯಾನ ಮಾಡಿ, ಹೊಸದಾಗಿ ಕೆಲಸಕ್ಕೆ ಸೇರಿದ್ದೀರಲ್ಲ ಅದಕ್ಕೇ, ಹೆಣ್ಣುಮಕ್ಕಳಿಗೆ ಇದೆಲ್ಲ ಸಹಜ. ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲೂ ಅದೇ ಮಾತು. ನಾನೂ ನಂಬಿದೆ. ನಂಬಿದ್ದಕ್ಕೆ ಎಂಟು ತಿಂಗಳು ಹೋಯ್ತು, ಒಂಬತ್ತು ಕಿಲೋ ತೂಕ ಹೋಯ್ತು. ಕೊನೆಗೆ ಒಬ್ಬರು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿತ್ತು. ಅದರ ಲಕ್ಷಣಗಳು ಆತಂಕದ ಲಕ್ಷಣಗಳ ಥರವೇ ಇರುತ್ತವೆ, ಒಂದು ಸಣ್ಣ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ನನ್ನ ಕೈ ನನ್ನ ಮಾತು ಕೇಳತೊಡಗಿತು.

ನನಗೆ ಇವತ್ತಿಗೂ ನೋವಾಗುವುದು ಕಾಯಿಲೆಯಿಂದಲ್ಲ. ಆ ಎಂಟು ತಿಂಗಳು ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು. ನಾನೇ ಏನೋ ನಾಟಕ ಮಾಡುತ್ತಿದ್ದೇನಾ ಅಂತ ಅನಿಸುತ್ತಿತ್ತು. ಯಾರೂ ನನಗೆ ಬೈದಿರಲಿಲ್ಲ, ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದರು.

ಆದ್ದರಿಂದ ದಯವಿಟ್ಟು ಕಾಯಿಲೆ ಇದೆ ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ. "ಟೆನ್ಶನ್‌ನಿಂದ ಆಗಿದ್ದು" ಅನ್ನುವುದೂ ಒಂದು ರೋಗನಿರ್ಣಯವೇ. ಅದನ್ನು ಹೇಳಲು ಬೇಕಾದ ಪರೀಕ್ಷೆಗಳನ್ನು ನೀವು ಮಾಡಿಲ್ಲ. ನೀವು ಮಾಡಬಹುದಾದದ್ದು ಇದು: ಡಾಕ್ಟರ ಹತ್ತಿರ ಹೋಗುವವರಿಗೆ ಏನು ಹೇಳಬೇಕು ಅಂತ ಜೋಡಿಸಿಕೊಳ್ಳಲು ಸಹಾಯ. ಯಾವಾಗ ಶುರುವಾಯ್ತು, ಜಾಸ್ತಿಯಾಗುತ್ತಿದೆಯಾ, ಏನು ಮಾಡಿದರೆ ಕಡಿಮೆಯಾಗುತ್ತದೆ, ಈಗ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ತೂಕ ಎಷ್ಟು ಇಳಿದಿದೆ. ಒಳಗೆ ಹೋದಾಗ ಬಾಯಿ ಕಟ್ಟುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಂತ ನನಗೆ ಒಬ್ಬರಾದರೂ ಮೊದಲೇ ಹೇಳಿದ್ದರೆ ತೂಕದ ವಿಷಯ ಮೊದಲ ದಿನವೇ ಹೊರಗೆ ಬರುತ್ತಿತ್ತು. ಒಬ್ಬರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರನ್ನು ನೋಡಬಹುದು, ಅದರಲ್ಲಿ ತಪ್ಪಿಲ್ಲ ಅನ್ನುವುದನ್ನೂ ಹೇಳಿ. ಕೆಲವರಿಗೆ ಆ ಅನುಮತಿ ಬೇಕಾಗಿರುತ್ತದೆ.

---

ಲ್ಯಾಬ್ ಮೇಜು ಉತ್ತರ:

ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಿಪೋರ್ಟ್ ಫೋಟೋ ಹಾಕಿ "ಇದರಲ್ಲಿ ಒಂದು ದಪ್ಪ ಅಕ್ಷರದಲ್ಲಿದೆ, ನಕ್ಷತ್ರ ಹಾಕಿದ್ದಾರೆ, ಏನಾಗಿದೆ ನನಗೆ?" ಅಂತ ಕೇಳುವವರನ್ನು ದಿನಾ ನೋಡುತ್ತೇನೆ. ಅವರಿಗೆ ಉತ್ತರ ಕೊಡುವವರಿಗೆ ಒಂದು ವಿಷಯ ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ.

ರಿಪೋರ್ಟಿನ ಪಕ್ಕದಲ್ಲಿ ಇಷ್ಟರಿಂದ ಇಷ್ಟು ಅಂತ ಒಂದು ಮಿತಿ ಇರುತ್ತದಲ್ಲ, ಅದನ್ನು ಬಹಳಷ್ಟು ಪರೀಕ್ಷೆಗಳಲ್ಲಿ ಹೇಗೆ ಇಟ್ಟಿರುತ್ತಾರೆ ಅಂದರೆ, ಆರೋಗ್ಯವಾಗಿರುವ ಜನರನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ 95 ಶೇಕಡಾ ಜನರ ಸಂಖ್ಯೆ ಎಲ್ಲಿಂದ ಎಲ್ಲಿಗೆ ಬರುತ್ತದೋ ಅದನ್ನೇ ಮಿತಿ ಅಂತ ತಗೊಳ್ಳುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರು ಆ ಮಿತಿಯ ಹೊರಗೆ ಇದ್ದೇ ಇರುತ್ತಾರೆ. ಈಗ ಒಬ್ಬರೇ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರು ಅಂತ ಇಟ್ಟುಕೊಳ್ಳಿ. ಪೂರ್ತಿ ಆರೋಗ್ಯವಾಗಿದ್ದರೂ ಒಂದರಲ್ಲಾದರೂ ನಕ್ಷತ್ರ ಬೀಳುವ ಸಾಧ್ಯತೆ ಸುಮಾರು 64 ಶೇಕಡಾ. ನಕ್ಷತ್ರ ಹಾಕುವುದು ಕಂಪ್ಯೂಟರ್, ಅದಕ್ಕೆ ನಿಮ್ಮ ಲಕ್ಷಣ ಏನೂ ಗೊತ್ತಿಲ್ಲ. ಮಿತಿಗಿಂತ ಕೂದಲೆಳೆ ಹೊರಗಿರುವುದಕ್ಕೂ ಎರಡು ಮೂರು ಪಟ್ಟು ಇರುವುದಕ್ಕೂ ಒಂದೇ ನಕ್ಷತ್ರ.

ಹಾಗಂತ "ಇದೇನೂ ಅಲ್ಲ" ಅನ್ನಲೂ ಬಾರದು, ಸ್ವಲ್ಪ ಹೊರಗಿರುವುದೂ ಕೆಲವೊಮ್ಮೆ ಮುಖ್ಯ. ನಾನು ಸಾಮಾನ್ಯವಾಗಿ ಬರೆಯುವುದು: "ಒಂದು ಸಂಖ್ಯೆ ನೋಡಿ ಹೇಳಲು ಆಗಲ್ಲ, ಪರೀಕ್ಷೆ ಬರೆದುಕೊಟ್ಟವರಿಗೇ ತೋರಿಸಿ. ಹೋಗುವಾಗ ಹಳೆಯ ರಿಪೋರ್ಟ್ ತಗೊಂಡು ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವರಿಗೆ ಜಾಸ್ತಿ ತಿಳಿಯುತ್ತದೆ."

ಫೋಟೋದಲ್ಲಿ ಹೆಸರು, ವಯಸ್ಸು, ಫೋನ್ ನಂಬರ್, ಬಾರ್‌ಕೋಡ್ ಎಲ್ಲ ಕಾಣುತ್ತಿರುತ್ತದೆ. ಭಯದಲ್ಲಿರುವವರಿಗೆ ಅದು ಹೊಳೆಯುವುದಿಲ್ಲ. ಎಲ್ಲರ ಮುಂದೆ "ಇಷ್ಟೂ ಗೊತ್ತಾಗಲ್ವಾ" ಅನ್ನದೆ, ಅವರೊಬ್ಬರಿಗೇ ಮೆಸೇಜ್ ಮಾಡಿ, ಹೆಸರಿನ ಭಾಗ ಮುಚ್ಚಿ ಮತ್ತೆ ಹಾಕಿ ಅಂತ ಹೇಳಿ. ನನಗೆ ಕೇಳಿದರೆ ಮರ್ಯಾದೆ ಅಂದರೆ ಇಂಥ ಸಣ್ಣ ಕೆಲಸಗಳೇ.

ಮಾತ್ರೆ ಹೆಸರು ಹೇಳುವವರ ಬಗ್ಗೆಯೂ ಒಂದು ಮಾತು. ನಿಮಗೆ ಒಗ್ಗಿದ ಆ್ಯಂಟಿಬಯಾಟಿಕ್ ಇನ್ನೊಬ್ಬರ ಮೈಗೆ ಅಲರ್ಜಿ ಆಗಬಹುದು, ವೈರಸ್ಸಿಗೆ ಅದು ಕೆಲಸವನ್ನೇ ಮಾಡುವುದಿಲ್ಲ. "ಪ್ಯಾರಾಸಿಟಮಾಲ್ ತಾನೇ" ಅನ್ನುವುದೂ ಅಷ್ಟು ಸಲೀಸಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಪಿತ್ತಜನಕಾಂಗ ಕೆಟ್ಟಿರುವವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಹೀಗೆ ಬೇರೆ ಬೇರೆ ಹೆಸರಲ್ಲಿ ಅದೇ ಔಷಧಿ ಸೇರಿರುತ್ತದೆ. ಎರಡು ಜನ ಎರಡು ಹೆಸರು ಹೇಳಿದರೆ, ಕೇಳಿದವರು ಎರಡನ್ನೂ ನುಂಗಿದರೆ, ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ.

---

ಕಾವೇರಿದ ಕೈ ಉತ್ತರ:

ನಮ್ಮಮ್ಮನ ಕಿಮೋ ನಡೆಯುವಾಗ ನಾನು ನೋಡಿದ್ದನ್ನು ಮಾತ್ರ ಸೇರಿಸುತ್ತೇನೆ. ತಗೊಳ್ಳಿ ಅನ್ನುವವರಿಗಿಂತ ಬಿಡಿ ಅನ್ನುವವರು ನನಗೆ ಹೆಚ್ಚು ಹೆದರಿಕೆ ತಂದರು. "ಆ ಮಾತ್ರೆಯೆಲ್ಲ ವಿಷ, ಬಿಟ್ಟುಬಿಡಿ." ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡವರು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಬರಬಹುದು, ಫಿಟ್ಸ್ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಮರಳಿ ಬರುತ್ತದೆ. ಬಿಡಿ ಅಂದವರು ಆ ರಾತ್ರಿ ಪಕ್ಕದಲ್ಲಿ ಇರುವುದಿಲ್ಲ.

"ಪಾಸಿಟಿವ್ ಆಗಿರಿ, ಹೋರಾಡಿ" ಅನ್ನುವುದೂ ಅಮ್ಮನಿಗೆ ಭಾರವಾಗುತ್ತಿತ್ತು. ಒಂದು ದಿನ ಅಮ್ಮ ಕೇಳಿದರು, "ನಾನು ಅಳುತ್ತೀನಿ ಅಂತ ಜಾಸ್ತಿ ಆಯ್ತೇನೋ ಇದು?" ಆಮೇಲೆ ನಾನು ಆ ಮೆಸೇಜುಗಳನ್ನು ಅವರಿಗೆ ಓದಿ ಹೇಳುವುದನ್ನು ಬಿಟ್ಟೆ. ಅವರಿಗೆ ಇಷ್ಟವಾಗಿದ್ದ ಒಂದು ಮೆಸೇಜ್ ಇತ್ತು, ಅದನ್ನು ಮತ್ತೆ ಮತ್ತೆ ಓದಿಸುತ್ತಿದ್ದರು: "ಇವತ್ತು ಸೂಜಿ ಹಾಕುವ ದಿನ ಅಲ್ವಾ, ನೆನಪಿದೆ. ಉತ್ತರ ಬರೆಯಬೇಡಿ, ಮಲಗಿ."

ನಿಮ್ಮ ಗುಂಪಿನಲ್ಲಿ ಮಾವನ ಕಥೆ ಹೇಳಿದವರ ಬಗ್ಗೆ ನನಗೆ ಕೋಪ ಇಲ್ಲ. ಅವರಿಗೂ ಆ ದುಃಖ ಇಳಿಸಿಕೊಳ್ಳಬೇಕಾಗಿತ್ತೇನೋ. ಆದರೆ ಹೆದರಿ ಕೂತವರ ಮಡಿಲು ಅದಕ್ಕೆ ಜಾಗ ಅಲ್ಲ.

---

ಬೆಳಗಿನ ನಡಿಗೆ ಉತ್ತರ:

ಎಲ್ಲರದ್ದೂ ಓದಿದೆ. ಎರಡು ದಿನ ಏನೂ ಬರೆಯಲು ಆಗಲಿಲ್ಲ. "ನಿದ್ದೆಗೆಟ್ಟವ" ಅವರು ಹೇಳಿದ ಆ ಸಾಲು, ಆಕೆ ಕೇಳಿದ್ದ ಒಂದೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅನ್ನುವುದು, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಕೆಯ ಮಾತನ್ನು ಇಲ್ಲಿಗೆ ನಾನೇ ಬರೆದು ಹಾಕಿದ್ದೆ, ಆದರೂ ಬಿದ್ದಿರಲಿಲ್ಲ.

ಆಕೆಗೆ ನೇರವಾಗಿ ಬರೆಯೋಣ ಅಂತಿದ್ದೇನೆ. ಕಳಿಸುವ ಮುಂಚೆ ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

"ನಮಸ್ಕಾರ. ಎರಡು ವಾರದ ಹಿಂದೆ ನೀವು ರಾತ್ರಿ ಬರೆದಿದ್ದಿರಿ, ಯಾರಾದರೂ ಎಚ್ಚರ ಇದ್ದೀರಾ ಅಂತ. ನಾನು ಎಚ್ಚರ ಇದ್ದೆ. ಆದರೆ ಇದ್ದೇನೆ ಅಂತ ಹೇಳದೆ, ತಲೆ ಕೆಡಿಸ್ಕೋಬೇಡಿ ಅಂದುಬಿಟ್ಟೆ. ನಿಮ್ಮ ಭಯವನ್ನು ಹಗುರ ಮಾಡಿದೆ, ತಪ್ಪಾಯ್ತು, ಕ್ಷಮಿಸಿ. ನೀವು ಹೇಗಿದ್ದೀರಿ? ಆ ಗಂಟನ್ನು ಯಾರಿಗಾದರೂ ತೋರಿಸಲು ಆಯ್ತಾ? ಇನ್ನೂ ಆಗಿಲ್ಲದಿದ್ದರೆ, ಇನ್ನೂ ಹಾಗೇ ಇದ್ದರೆ, ಈ ವಾರ ಒಮ್ಮೆ ತೋರಿಸಿ. ಯಾವಾಗ ಶುರುವಾಯ್ತು, ಬೇರೆ ಏನೇನು ಆಗುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುವುದನ್ನೂ ಬರೆದುಕೊಳ್ಳಿ. ಉತ್ತರ ಕೊಡಲೇಬೇಕು ಅಂತಿಲ್ಲ. ಮಾತಾಡಬೇಕು ಅನಿಸಿದರೆ ನಾನು ಕೇಳಿಸಿಕೊಳ್ಳುತ್ತೇನೆ. ಖಂಡಿತ ಎಲ್ಲ ಸರಿಯಾಗೇ ಇರುತ್ತದೆ."

---

ರಾತ್ರಿ ಪಾಳಿ ಉತ್ತರ:

ಚೆನ್ನಾಗಿದೆ. ಕೊನೆಯ ಸಾಲು ತೆಗೆಯಿರಿ. ಅದು ನಮಗೆ ಗೊತ್ತಿಲ್ಲ. "ಕೇಳಿಸಿಕೊಳ್ಳುತ್ತೇನೆ" ಅನ್ನುವುದಕ್ಕೆ ನಿಲ್ಲಿಸಿ. ಆಮೇಲೆ ಒಂದು: ಅವರು ನಿಜವಾಗಿಯೂ ಉತ್ತರ ಬರೆದರೆ, ಅದೇ ದಿನ ನೋಡಿ.

---

ಬೆಳಗಿನ ನಡಿಗೆ ಉತ್ತರ:

ತೆಗೆದೆ. ಈಗ ಕಳಿಸಿದೆ. ಫೋನ್ ಸೈಲೆಂಟ್‌ನಲ್ಲಿತ್ತು, ಅದನ್ನೂ ತೆಗೆದಿದ್ದೇನೆ.